ಗೌಡನ ಕಾಲೊತ್ತುವ ಯಂತ್ರ

"ಏ ಬೋಸುಡಿ, ಹೊಸ್ತಿಲಾ ದಾಟಬ್ಯಾಡ! ಅಲ್ಲೇ ಇಟ್ಟು ಹಿಂದ ಸರಿ."

ಸುನಂದಾ ಪಾರ್ಸಲ್ಲನ್ನು ಹೊಸ್ತಿಲ ಹೊರಗಿಟ್ಟು ಸರಿದು ನಿಂತಳು. ಇಂಡಿ ಪಟ್ಟಣದಿಂದ ಹೊರ್ತಿ ಹಳ್ಳಿಯವರೆಗೆ ಸ್ಕೂಟಿಯ ಮೇಲೆ ತಂದ ಭಾರದ ಡಬ್ಬಿ. ಒಳಗೆ ಶಂಕರೆಪ್ಪಗೌಡ ಆನ್‌ಲೈನಿನಲ್ಲಿ ತರಿಸಿದ ಕಾಲೊತ್ತುವ ಯಂತ್ರ.

"ಮೊದಲ ರೊಕ್ಕ ಕೊಡ್ರಿ ಗೌಡ್ರ. ಆಮ್ಯಾಲ ಬಿಚ್ಚಬೇಕು."

"ನನಗ ಕಾಯ್ದೆ ಹೇಳ್ತಿಯೇನ? ನೋಡಲ್ಲಿ, ನಿಮ್ಮವ್ವ ಇನ್ನೂ ನನ್ನ ದನದ ಹೆಂಡಿ ಬಳ್ಯಾಕತ್ತಾಳ."

ಅಂಗಳದಾಚೆಯ ಕೊಟ್ಟಿಗೆಯಲ್ಲಿ ರಾಮವ್ವ ಸೆಗಣಿ ಬುಟ್ಟಿಯ ಮುಂದೆ ತಲೆ ತಗ್ಗಿಸಿದಳು.

ಗೌಡ ಡಬ್ಬಿ ಒಳಗೆಳೆದು ಹರಿದ. ವಾಯರು ಸಿಕ್ಕಿಸಿ, ಕುರ್ಚಿಯಲ್ಲಿ ಕೂತು, ಎರಡೂ ಪಾದಗಳನ್ನು ಯಂತ್ರದೊಳಗೆ ತುರುಕಿದ. ಅದು ಗುರುಗುಟ್ಟಿತು. ಕಣ್ಣು ಮುಚ್ಚಿಕೊಂಡೇ ಜೇಬಿನಿಂದ ನೋಟು ತೆಗೆದು ಹೊರಗೆಸೆದ. ಸುನಂದಾ ಮಣ್ಣಿನಿಂದ ಆರಿಸಿಕೊಂಡಳು.

"ನಲವತ್ತೊಂಬತ್ತು ರೂಪಾಯಿ ಕಡಿಮಿ ಐತ್ರಿ."

"ಯಾತರದ್ದು?"

"ಮನ್ಯಾಗ ನಗದು ಕೊಡೂದಕ್ಕ ಕಂಪನಿಯವ್ರು ಹೆಚ್ಚಿಗಿ ಹಾಕಿದ್ದು. ಮೊದಲ ಫೋನಿನ್ಯಾಗ ಕಟ್ಟಿದ್ರ ಇರ್ತಿರಲಿಲ್ಲ."

"ನೋಟ್ ಕೊಟ್ರ ದಂಡ ಏನು? ನನ್ನ ರೊಕ್ಕಕ್ಕ ಹೊಲಸ ಹತ್ತೇತೇನ? ನಿನ್ನ ಪಗಾರದಾಗ ಮುರಕೋ ಅಂತ ಹೇಳು."

ಹೇಳಬೇಕಾಗಿಯೇ ಇರಲಿಲ್ಲ, ಕಂಪನಿಯವರು ಹೇಗೂ ಮುರಿದುಕೊಳ್ಳುತ್ತಿದ್ದರು. ಆದರೂ ಅವಳು ಇಂಡಿಯ ಆಫೀಸಿಗೆ ಫೋನ್ ಹಚ್ಚಿದಳು. ಮ್ಯಾನೇಜರ್ ಚೇತನಕುಮಾರ ನಕ್ಕ. "ಪೂರಾ ರೊಕ್ಕ ತಾ, ಇಲ್ಲಾ ಮಾಲ್ ವಾಪಸ್ ತಾ. ಎರಡೂ ಆಗಲಿಲ್ಲಂದ್ರ ನಿನ್ನ ಪಗಾರ ಐತೆಲ್ಲ."

ಸುನಂದಾ ನೋಟುಗಳನ್ನು ಹೊಸ್ತಿಲ ಮೇಲಿಟ್ಟಳು. ಹೊಸ್ತಿಲು ದಾಟಿದಳು.

"ಏ! ಎಲ್ಲಿ ಬರಾಕತ್ತಿ?"

"ಮಾಲ್ ವಾಪಸ್ ಒಯ್ತೇನಿ. ಕಾಲ್ ತಗೀರಿ."

"ಮುಟ್ಟಬ್ಯಾಡ! ನನ್ನ ಮುಟ್ಟಬ್ಯಾಡ!"

"ಹಂಗಾರ ನೀವ ತಗೀರಿ. ಇಲ್ಲಾಂದ್ರ ನಾ ಹಿಡದು ತಗೀತೇನಿ."

ಬಾಗಿ, ಎರಡೂ ಕೈ ಅವನ ಕಾಲಿನತ್ತ ಚಾಚಿದಳು. ಆ ಬೆರಳುಗಳು ತಾಗುವ ಮುಂಚೆ ಗೌಡ ಪಾದಗಳನ್ನು ಕಿತ್ತುಕೊಂಡು ಕುರ್ಚಿಯ ಮೇಲೆ ಮುದುಡಿ ಕುಳಿತ. ಸುನಂದಾ ವಾಯರು ಕಿತ್ತು, ಯಂತ್ರ ಎತ್ತಿಕೊಂಡು ಹೊರಗೆ ನಡೆದಳು.

"ರಾಮವ್ವಾ! ಮಗಳಿಗೆ ಬುದ್ಧಿ ಹೇಳು! ಇಲ್ಲಂದ್ರ ನಾಳಿಂದ ನಿನಗ ಕೂಲಿ ಇಲ್ಲ!"

ರಾಮವ್ವ ಸೆಗಣಿ ಬುಟ್ಟಿ ಹೊತ್ತು ಬಂದಳು. ಮಗಳ ಮುಖ ನೋಡಿದಳು. ಕುರ್ಚಿ ಮೇಲೆ ಮುದುಡಿದ್ದವನನ್ನೂ ನೋಡಿದಳು. ಆಮೇಲೆ ಬುಟ್ಟಿಯನ್ನು ಹೊಸ್ತಿಲ ಮೇಲೆ, ನೋಟುಗಳ ಮೇಲೆ, ಬೋರಲು ಹಾಕಿದಳು.

"ನೀವ ಬಳಕೋರಿ."

ಕೈ ತೊಳೆಯಲೂ ನಿಲ್ಲದೆ ಸ್ಕೂಟಿಯ ಹಿಂದೆ ಕುಳಿತು, ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡಳು.

ಊರು ದಾಟಿದ ಮೇಲೆ ರಾಮವ್ವ ಬಾಯಿಬಿಟ್ಟಳು. "ಇನ್ನ ಈ ಊರಾಗ ನಮ್ಮನ್ನ ಯಾರೂ ಕೆಲಸಕ್ಕ ಕರಿಯಾಂಗಿಲ್ಲ."

"ಹೌದು."

ಸುನಂದಾಳ ಫೋನ್ ಬಡಿದುಕೊಳ್ಳತೊಡಗಿತು. ಚೇತನಕುಮಾರ. ಗೌಡ ಆಗಲೇ ಅವನಿಗೆ ಹೇಳಿರಬೇಕು. ಅವಳು ಎತ್ತಲಿಲ್ಲ. ಇಂಡಿಯ ದಾರಿಯಲ್ಲಿ ಸ್ಕೂಟಿ ಓಡುತ್ತಲೇ ಇತ್ತು.