ಒಂಬತ್ತನೆಯ ಕೈ

“ನಿಮ್ಮದೇನು ಅಂತ ಹೇಳಿ ಹೋಗ್ರಿ,” ಎಂದು ಅಂಜನಾ ಬಾಗಿಲಿಗೆ ಅಡ್ಡ ನಿಂತಳು. ದೇವಾನಂದ ಬೂಟಿನ ದಾರ ಕಟ್ಟುತ್ತಿದ್ದ. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದ.

ವಿಷಯ ಹೊಸದಲ್ಲ. ಬ್ರಹ್ಮಪುರದಲ್ಲಿರುವ ಅವಳ ಅಣ್ಣ ತನ್ನ ಮಗನಿಗೆ ಸುಷ್ಮಿತಾಳನ್ನು ಕೇಳಿದ್ದ. ತಾಯಿಗೆ ಒಪ್ಪಿಗೆ, ಮಗಳಿಗೆ ಇಲ್ಲ. ಸಂಜೆಯೊಳಗೆ ಉತ್ತರ ಹೇಳಬೇಕು.

“ನೀವಿಬ್ಬರೂ ಕೂತು ಮಾತಾಡ್ರಿ. ಮನ್ಯಾಗ ನಾ ಸ್ಪೀಕರ್ ಇದ್ದಂಗ.”

“ಸಮ ಸಮ ಬಂದ್ರ ಸ್ಪೀಕರೂ ಓಟು ಹಾಕಬೇಕ್ರಿ ಅಪ್ಪಾ,” ಒಳಗಿನಿಂದ ಸುಷ್ಮಿತಾಳ ದನಿ ಬಂತು. “ಇಲ್ಲಿ ಒಂದಕ್ಕ ಒಂದು ಅದ.”

ದೇವಾನಂದ ನಕ್ಕ. ಚೆನ್ನಾಗಿ ಹೇಳಿದಳು ಅನಿಸಿತು. ಚೆನ್ನಾದ ಮಾತನ್ನು ಮೆಚ್ಚಿ ಅಲ್ಲಿಗೇ ಬಿಟ್ಟುಬಿಡುವುದು ಅವನಿಗೆ ಎಂದಿನಿಂದಲೋ ರೂಢಿ. ಅಂಜನಾ ಬಾಗಿಲು ಬಿಟ್ಟು ಸರಿದಳು. ಅವಳು ಸರಿದ ರೀತಿಯಲ್ಲಿ ಏನೋ ಇತ್ತು. ಅದನ್ನು ನೋಡದ ಹಾಗೆ ಜೀಪು ಹತ್ತಿದ.

ಕಲಬುರಗಿಯ ಖೂಬಾ ಪ್ಲಾಟಿನಿಂದ ಹೊರಬೀಳುವ ಹೊತ್ತಿಗೇ ಬಿಸಿಲು ಚುರುಗುಟ್ಟುತ್ತಿತ್ತು. ಡ್ರೈವರ್ ಹುಸೇನ ಕೇಳಿದ, “ಇವತ್ತ ಯಾರನ್ನ ಇಳಸೋದದ ಸಾಹೇಬ್ರ?”

“ನಾ ಯಾರನ್ನೂ ಇಳಸಂಗಿಲ್ಲ ಹುಸೇನ. ನಾ ಎಣಿಸ್ತೀನಿ, ಅಷ್ಟ.”

ಕಮಲಾಪುರ ದಾಟಿ ಒಳಗಿರುವ ಒಂದು ಗ್ರಾಮ ಪಂಚಾಯಿತಿಯ ಅಧ್ಯಕ್ಷೆಯ ಮೇಲೆ ಅವಿಶ್ವಾಸ ಗೊತ್ತುವಳಿ. ಆ ಸಭೆಯನ್ನು ನಡೆಸಲು ಮೇಲಿನವರು ಇವನನ್ನು ಕಳಿಸಿದ್ದರು. ಇಂಥ ಸಭೆಗಳಿಗೆ ಇವನನ್ನೇ ಕಳಿಸುತ್ತಿದ್ದರು. ಇವನು ನಡೆಸಿದ ಸಭೆಯ ಮೇಲೆ ಇಂದಿನವರೆಗೆ ಒಂದು ತಕರಾರೂ ಬಂದಿರಲಿಲ್ಲ. ಹೊಸ ಸದಸ್ಯರಿಗೆ ಸೇಡಂ ರಸ್ತೆಯ ಸಭಾಂಗಣದಲ್ಲಿ ತರಬೇತಿ ನಡೆದಾಗ ಇವನದೊಂದು ತಾಸು ಇದ್ದೇ ಇರುತ್ತಿತ್ತು. ಪಾರ್ಲಿಮೆಂಟಿನ ಪೀಠವಾಗಲಿ ಪಂಚಾಯಿತಿಯ ಕುರ್ಚಿಯಾಗಲಿ ಧರ್ಮ ಒಂದೇ ಎಂದು ಶುರು ಮಾಡುತ್ತಿದ್ದ. ಪೀಠಕ್ಕೆ ಕಿವಿ ಇರುತ್ತದೆ, ಕೈ ಇರುವುದಿಲ್ಲ ಎಂದು ಮುಗಿಸುತ್ತಿದ್ದ. ಆ ಮಾತನ್ನು ಜನ ಬರೆದುಕೊಳ್ಳುತ್ತಿದ್ದರು. ಬರೆದುಕೊಳ್ಳುವುದನ್ನು ನೋಡುವುದು ಅವನಿಗೆ ಹಿತವಾಗಿತ್ತು.

ನಿನ್ನೆ ಯಾರೋ ದೊಡ್ಡವರು ಫೋನ್ ಮಾಡಿದ್ದರು. “ಎಲ್ಲಾ ಕಾಯ್ದೆ ಪ್ರಕಾರ ಆಗ್ಲಿ ನೋಡ್ರಿ,” ಎಂದಷ್ಟೇ ಹೇಳಿದ್ದರು. ಇವನು “ಹಾಗೇ ಆಗ್ತದ್ರಿ” ಎಂದಿದ್ದ. ಅದರಲ್ಲಿ ತಪ್ಪು ಹುಡುಕುವಂಥದ್ದು ಏನೂ ಇರಲಿಲ್ಲ.

ಪಂಚಾಯಿತಿಯ ಮುಂದೆ ಒಂದು ಕ್ರೂಸರ್ ನಿಂತಿತ್ತು. ಗೊತ್ತುವಳಿ ತಂದಿದ್ದ ಉಪಾಧ್ಯಕ್ಷ ಖಂಡೆಪ್ಪ ತನ್ನ ನಾಲ್ಕು ಮಂದಿ ಸದಸ್ಯರನ್ನು ಐದು ದಿನ ಎಲ್ಲೆಲ್ಲೋ ದೇವರು ತೋರಿಸಿ ನೇರವಾಗಿ ಇಲ್ಲಿಗೇ ಇಳಿಸಿದ್ದ. ಎಲ್ಲರ ಹಣೆಯ ಮೇಲೆ ಬೇರೆ ಬೇರೆ ಗುಡಿಗಳ ಕುಂಕುಮ.

ಒಳಗೆ ಅಧ್ಯಕ್ಷೆ ದುಂಡಮ್ಮ ಬೆಂಚಿನ ಮೇಲೆ ಕೂತಿದ್ದಳು. ಐವತ್ತರ ಹೆಂಗಸು; ಕಳೆ ಕಿತ್ತು ಒರಟಾದ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅವಳ ಕುರ್ಚಿಯಲ್ಲಿ ಇವತ್ತು ದೇವಾನಂದ ಕೂರಬೇಕು.

“ಹಿಂದಕ್ಕ ಒರಗಬ್ಯಾಡ್ರಿ ಸಾಹೇಬ್ರ,” ಎಂದಳು. “ಹಿಂದಿನ ಕಾಲು ಸಡಿಲ ಅದ. ನಾ ಎರಡು ವರ್ಸ ಮುಂದಕ್ಕ ಬಗ್ಗೇ ಕೂತೀನಿ.”

ಯಾರೋ ನಕ್ಕರು. ದೇವಾನಂದ ನಗಲಿಲ್ಲ. ನಕ್ಕರೆ ಒಂದು ಪಕ್ಷಕ್ಕೆ ನಕ್ಕಂತಾದೀತು.

ಹನ್ನೊಂದು ಮಂದಿ ಸದಸ್ಯರು. ಗೊತ್ತುವಳಿ ಗೆಲ್ಲಲು ಎಂಟು ಕೈ ಬೇಕು. ಖಂಡೆಪ್ಪನ ಕಡೆ ಐದು, ದುಂಡಮ್ಮನ ಕಡೆ ಮೂರು. ಉಳಿದವರು ಗೋಡೆಯ ಪಕ್ಕ ಸೆರಗು ಹೊದ್ದು ಕೂತಿದ್ದ ಮೂವರು ಹೆಂಗಸರು. ಶಾರದಾಬಾಯಿ, ಕಸ್ತೂರಿ, ಮತ್ತು ಹೆಸರು ಕೂಗಿದರೆ ಮಾತ್ರ ತಲೆ ಎತ್ತುವ ಇನ್ನೊಬ್ಬಳು. ಅವರ ಹಿಂದೆ ಅವರ ಗಂಡಂದಿರು, ತಾವೇ ಸದಸ್ಯರೆಂಬಂತೆ, ಕಾಲು ಚಾಚಿ ಕೂತಿದ್ದರು.

“ಸದಸ್ಯರಲ್ಲದವರು ಹೊರಗೆ ಹೋಗಬೇಕು,” ಎಂದ ದೇವಾನಂದ.

“ನಾವು ಬರೇ ಕೂತೀವ್ರಿ ಸಾಹೇಬ್ರ.”

“ಹೊರಗೆ ಕೂತ್ಕೊಳ್ಳಿ.”

ಅವರು ಎದ್ದರು. ಹೋಗುವಾಗ ಒಬ್ಬ ಶಾರದಾಬಾಯಿಯ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದ. ಕಿಟಕಿಗಳನ್ನೂ ಮುಚ್ಚಿಸಿದ ದೇವಾನಂದ. ನಡಾವಳಿ ಪುಸ್ತಕ ಹಿಡಿದು ಪಕ್ಕದಲ್ಲಿ ಕೂತಿದ್ದ ಪಂಚಾಯಿತಿಯ ಅಧಿಕಾರಿ ಮೆಹರೀನ್ ಮೆಚ್ಚುಗೆಯಿಂದ ನೋಡಿದಳು. ಇಷ್ಟು ಗಟ್ಟಿಯಾಗಿ ಯಾರೂ ಹೇಳಿರಲಿಲ್ಲವೇನೋ. ಅವನಿಗೆ ಎದೆ ಕೊಂಚ ಹಗುರವಾಯಿತು. ಅಷ್ಟರಲ್ಲಿ ಕರೆಂಟು ಹೋಯಿತು.

ಖಂಡೆಪ್ಪ ಎದ್ದು ನಿಂತ. “ಅಕಿ ಒಂದೊಂದು ಠರಾವು ಮೂರು ಸಲ—”

“ಗೌರವದಿಂದ ಮಾತಾಡಿ.”

“ಸನ್ಮಾನ್ಯ ಅಧ್ಯಕ್ಷರು,” ಎಂದು ಖಂಡೆಪ್ಪ ಕೈ ಮುಗಿದ. “ಒಂದೊಂದು ಠರಾವು ಮೂರು ಮೂರು ಸಲ ಜೋರಾಗಿ ಓದಸ್ತಾರ್ರಿ. ಅವ್ರಿಗಿ ಓದಾಕ ಬರಂಗಿಲ್ಲ, ನಮಗ ಕೇಳಾಕ ಪುರಸೊತ್ತಿಲ್ಲ. ಮುಂಜಾನಿ ಕೂತ್ರ ಸಂಜಿಗೆ ಏಳಬೇಕು. ಪಂಚಾತಿ ಹೋಗಿ ಪಾರ್ಲಿಮೆಂಟ್ ಆಗ್ಯಾದ್ರಿ ಇದು!”

ಅವನ ಕಡೆಯವರು ಬೆಂಚು ಬಡಿದರು. ಟಿ.ವಿ.ಯಲ್ಲಿ ಅಂಥದ್ದನ್ನು ನೋಡಿರಬೇಕು.

ದುಂಡಮ್ಮ ಕೂತಲ್ಲಿಂದಲೇ ಹೇಳಿದಳು. “ಹೋದ ವರ್ಸ ಬೋರಿನ ಠರಾವಿನಾಗ ನಮ್ಮ ಓಣಿ ಹೆಸರು ಬಿಟ್ಟಿತ್ರಿ. ಒಂದನೇ ಸಲ ಯಾರಿಗೂ ತಿಳೀಲಿಲ್ಲ. ಎರಡನೇ ಸಲ ಓದಿದಾಗ ತಿಳೀತು. ಮೂರನೇ ಸಲ ಓದಿದಾಗ ಓಣಿ ಹೆಸರು ಬಂದಿತ್ತು. ಬರೋ ವಾರ ಪೈಪಿನ ಠರಾವು ಅದ. ನಾ ಇಲ್ಲಂದ್ರ ಒಂದು ಸಲನೂ ಓದಂಗಿಲ್ಲ. ಇಷ್ಟೇ ರೀ ನಂದು.”

ಇಷ್ಟೇ. ದೇವಾನಂದನಿಗೆ ಅದು ಒಳ್ಳೆಯ ಮಾತು ಅನಿಸಿತು. ತರಬೇತಿಯಲ್ಲಿ ಹೇಳಬಹುದಾದ ಮಾತು. ಮುಖದ ಮೇಲೆ ಏನೂ ಕಾಣದಂತೆ ನೋಡಿಕೊಂಡ.

“ಗೊತ್ತುವಳಿಯ ಪರವಾಗಿ ಇರುವವರು, ಅಂದರೆ ಅಧ್ಯಕ್ಷರು ಇಳಿಯಬೇಕು ಎನ್ನುವವರು, ಕೈ ಎತ್ತಬೇಕು.”

ಐದು ಕೈಗಳು ಒಟ್ಟಿಗೇ ಎದ್ದವು. ಗೋಡೆಯ ಪಕ್ಕದ ಮೂವರು ಹಿಂದೆ ತಿರುಗಿ ನೋಡಿದರು. ಹಿಂದೆ ಖಾಲಿ ಬೆಂಚು. ಕಿಟಕಿಯ ಕಡೆ ನೋಡಿದರು. ಕಿಟಕಿ ಮುಚ್ಚಿತ್ತು. ಆಮೇಲೆ ಮೂವರೂ ದೇವಾನಂದನನ್ನು ನೋಡಿದರು.

ಸೆಕೆಗೆ ಹುಬ್ಬಿನಿಂದ ಬೆವರು ಕಣ್ಣಿಗೆ ಇಳಿಯಿತು. ಅವನು ಕರವಸ್ತ್ರ ತೆಗೆದು ಬಲಗೈಯನ್ನು ಹಣೆಗೆ ಎತ್ತಿದ.

ಬಳೆಗಳ ಸದ್ದಾಯಿತು. ಶಾರದಾಬಾಯಿಯ ಕೈ ಎದ್ದಿತು. ಅವಳನ್ನು ನೋಡಿ ಕಸ್ತೂರಿಯದು. ಕಸ್ತೂರಿಯನ್ನು ನೋಡಿ ಇನ್ನೊಬ್ಬಳದು.

ದೇವಾನಂದ ಕೈ ಇಳಿಸಿದ. ಕಸ್ತೂರಿಯ ಕೈಯೂ ಅರ್ಧಕ್ಕೆ ಇಳಿಯಿತು.

“ಎಣಿಸ್ರಿ, ಎಣಿಸ್ರಿ ಮೇಡಂ!” ಖಂಡೆಪ್ಪ ಕೂಗಿದ.

ಕಸ್ತೂರಿ ಹೆದರಿ ಕೈಯನ್ನು ಮತ್ತೆ ಮೇಲೆ ಮಾಡಿದಳು. ಮೆಹರೀನ್ ಎಣಿಸಿದಳು. “ಎಂಟು,” ಎಂದಳು, ಪುಸ್ತಕದಿಂದ ತಲೆ ಎತ್ತದೆ.

“ಎಂಟಲ್ರಿ, ಒಂಬತ್ತು ಕೈ ಇದ್ದವು,” ಎಂದಳು ದುಂಡಮ್ಮ.

ಅವಳು ಗೋಡೆಯ ಕಡೆ ತಿರುಗಿದಳು. “ಯಕ್ಕಾ ಶಾರದಾಬಾಯಿ, ನೀ ಯಾಕ ಎತ್ತಿದಿ? ಸಿಟ್ಟಿಲ್ಲ, ಸುಮ್ಮ ಕೇಳ್ತೀನಿ.”

ಶಾರದಾಬಾಯಿ ಸೆರಗನ್ನು ಮುಂದಕ್ಕೆ ಎಳೆದುಕೊಂಡಳು. “ನಮ್ಮನ್ಯಾವ್ರು ಹೊರಗ ಹೋಗೋವಾಗ ಹೇಳ್ಯಾರ. ಸಾಹೇಬ್ರು ಮಾಡಿದಂಗ ಮಾಡು ಅಂತ. ಸಾಹೇಬ್ರು ಎತ್ತಿದ್ರು.”

“ಕೇಳಿದ್ರೇನ್ರಿ,” ಎಂದಳು ದುಂಡಮ್ಮ. ಅವಳ ದನಿಯಲ್ಲಿ ದೂರು ಇರಲಿಲ್ಲ. ತಪ್ಪು ಬಿದ್ದ ಹೊಲಿಗೆಯನ್ನು ತೋರಿಸುವ ಹಾಗೆ ಹೇಳಿದಳು. “ಇನ್ನೊಮ್ಮೆ ಕೇಳ್ರಿ ಸಾಹೇಬ್ರ. ನಿಮ್ಮ ಕೈ ಮೇಜಿನ ಕೆಳಗ ಇಟ್ಕೊಂಡು ಕೇಳ್ರಿ. ಆಗ ಎಂಟು ಬಂದ್ರ ನಾನೇ ಎದ್ದು ಹೋಗ್ತೀನಿ.”

“ಅದೆಂಗ್ರಿ?” ಖಂಡೆಪ್ಪ ಮೇಜಿನ ಹತ್ತಿರ ಬಂದ. “ಎಣಿಕಿ ಆಗ್ಯಾದ. ಎರಡನೇ ಸಲ ಎಣಿಸಿದ್ರ ಸಾಹೇಬ್ರು ಅಕಿ ಕಡೆ ಅಂತ ನಾ ಬರದು ಕೊಡ್ತೀನಿ. ಸಾಹೇಬ್ರ ಮ್ಯಾಲ ಇಲ್ಲಿತನಾ ಒಂದು ತಕರಾರಿಲ್ಲ ಅಂತ ಕೇಳೀನಿ.”

ದೇವಾನಂದ ನಿಯಮದ ಪುಸ್ತಕ ತೆರೆದ. ಎರಡನೆಯ ಸಲ ಕೇಳಬಾರದೆಂದು ಅದರಲ್ಲಿ ಇರಲಿಲ್ಲ. ಕೇಳಬೇಕೆಂದೂ ಇರಲಿಲ್ಲ. ಅಧ್ಯಕ್ಷತೆ ವಹಿಸಿದವನು ಬೆವರು ಒರೆಸಿಕೊಂಡರೆ ಏನು ಮಾಡಬೇಕೆಂದು ಬರೆದವರಿಗೆ ಹೊಳೆದಿರಲಿಲ್ಲ. ಮತ್ತೆ ಕೇಳಿದರೆ ತನ್ನ ಕೈ ಎದ್ದದ್ದನ್ನು ಒಪ್ಪಿದಂತೆ. ಕೇಳದಿದ್ದರೆ ಏನನ್ನೂ ಮಾಡದಂತೆ. ಏನನ್ನೂ ಮಾಡದಿರುವುದು ಪಕ್ಷಪಾತವಾಗಲಾರದು. ಇಪ್ಪತ್ತೆರಡು ವರ್ಷ ಅವನು ಹಾಗೆಂದೇ ನಂಬಿದ್ದ.

“ಎಣಿಕೆ ಮುಗಿದಿದೆ,” ಎಂದ.

ಹೇಳುವಾಗ ಹಿಂದಕ್ಕೆ ಒರಗಿರಬೇಕು, ಕುರ್ಚಿ ವಾಲಿತು. ಮೆಹರೀನ್ ಹಿಡಿದುಕೊಂಡಳು.

ದುಂಡಮ್ಮ ಪುಸ್ತಕದ ಕಡೆ ಕೈ ತೋರಿಸಿದಳು. “ಆತ್ರಿ. ಬರದದ್ದು ಓದ್ರಿ. ನೀವ ಓದ್ರಿ, ಮೇಡಂ ಬ್ಯಾಡ.”

ಅವನು ಓದಿದ. “ಸಭೆಯಲ್ಲಿ ಹಾಜರಿದ್ದ ಹನ್ನೊಂದು ಸದಸ್ಯರ ಪೈಕಿ ಎಂಟು ಸದಸ್ಯರು ಸ್ವ ಇಚ್ಛೆಯಿಂದ ಕೈ ಎತ್ತಿ...”

“ಇನ್ನೊಂದು ಸಲ.”

ಓದಿದ. ಖಂಡೆಪ್ಪನ ಕಡೆಯವರು ಎದ್ದು ಹೊರಗೆ ಹೋಗತೊಡಗಿದರು. ಹೊರಗೆ ಪಟಾಕಿ ಸಿಡಿಯಿತು.

“ಇನ್ನೊಂದು.”

ಮೂರನೆಯ ಸಲ ಓದುವಾಗ ಸ್ವ ಇಚ್ಛೆ ಎನ್ನುವಲ್ಲಿ ದನಿ ನಿಂತಿತು. ನೀರು ಕುಡಿದು ಮುಂದಿನದನ್ನು ಓದಿದ. ಈ ಸಲವೂ ಏನೂ ಬದಲಾಗಲಿಲ್ಲ.

ದುಂಡಮ್ಮ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದು ಪೆನ್ನಿನ ಮುಚ್ಚಳ ಹಾಕಿ ಕೊಟ್ಟಳು. “ಉಂಡು ಹೋಗ್ರಿ ಸಾಹೇಬ್ರ, ಬಿಸಲು ಭಾಳ ಅದ,” ಎಂದಳು. ಅದು ಕುಹಕವೋ ಎಂದು ಅವಳ ಮುಖದಲ್ಲಿ ಹುಡುಕಿದ. ಕುಹಕ ಸಿಕ್ಕಿದ್ದರೆ ಸಮಾಧಾನವಾಗುತ್ತಿತ್ತು.

ಜೀಪಿನಲ್ಲಿ ಹುಸೇನ ಆಗಲೇ ಇಂಜಿನ್ ಶುರು ಮಾಡಿದ್ದ. ಪಟಾಕಿ ಕೇಳಿ ತಿಳಿದುಕೊಂಡಿದ್ದ. ಮನೆಯಿಂದ ಮೂರು ಕರೆ ಬಂದು ಹೋಗಿದ್ದವು. ದೇವಾನಂದ ಮೊಬೈಲನ್ನು ಕಿಸೆಗೆ ಹಾಕಿ, ಅದೇ ಕಿಸೆಯಿಂದ ಕರವಸ್ತ್ರ ತೆಗೆದ.

ಕರವಸ್ತ್ರ ಒಣಗಿತ್ತು. ಅಂಜನಾ ಇಸ್ತ್ರಿ ಮಾಡಿದ ಮಡಿಕೆ ಮುರಿದಿರಲಿಲ್ಲ.

ಈ ಬಿಸಿಲಿನಲ್ಲಿ ಒದ್ದೆ ಬಟ್ಟೆ ಒಣಗಲು ಎಷ್ಟು ಹೊತ್ತು, ಎಂದುಕೊಂಡ. ಮಡಿಕೆಯ ಮೇಲೆ ಬೆರಳಾಡಿಸಿದ. ಬೆವರು ಕಣ್ಣಿಗೆ ಇಳಿದದ್ದು ನೆನಪಿತ್ತು. ಉರಿದದ್ದು ನೆನಪಿತ್ತು. ಅಥವಾ ಉರಿದಿರಬೇಕು ಎಂಬುದಷ್ಟೇ ನೆನಪಿತ್ತೋ? ಮೂವರು ಹೆಂಗಸರು ತನ್ನನ್ನೇ ನೋಡುತ್ತಿದ್ದದ್ದು ಕಾಣಿಸಿತ್ತು. ಅದಂತೂ ನಿಜ. ಕಂಡ ಮೇಲೆ ಕೈ ಎತ್ತಿದೆನೋ, ಎತ್ತಿದ ಮೇಲೆ ಕಂಡೆನೋ? ಎಷ್ಟು ಹೊತ್ತು ಹಣೆಯ ಮೇಲೆ ಇಟ್ಟಿದ್ದೆ? ಒರೆಸಿಕೊಳ್ಳಲು ಬೇಕಾದಷ್ಟೋ, ನೋಡುವವರಿಗೆ ಬೇಕಾದಷ್ಟೋ?

ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಬೇರೆ ಯಾರೋ ಜೀಪಿನಲ್ಲಿ ಮರೆತು ಹೋದ ಚೀಲದ ಹಾಗೆ.

“ಗಾಡಿ ನಿಲ್ಲಸು.”

ಕಮಲಾಪುರದ ಹೆದ್ದಾರಿ ಬದಿ. ಕೆಂಪು ಬಾಳೆಯ ಗೊನೆಗಳನ್ನು ತೂಗುಹಾಕಿದ ಗಾಡಿಗಳ ಸಾಲು. ಇಷ್ಟು ಹೊತ್ತಿಗೆ ಮೆಹರೀನ್ ಪುಸ್ತಕ ಕಟ್ಟಿಟ್ಟಿರುವುದಿಲ್ಲ. ವಾಪಸು ಹೋಗಿ ಅದರಲ್ಲಿ ಒಂದು ಸಾಲು ಬರೆಯಬಹುದು: ಮತಕ್ಕೆ ಹಾಕುವಾಗ ಅಧ್ಯಕ್ಷತೆ ವಹಿಸಿದವರ ಕೈಯೂ ಎದ್ದಿತ್ತು. ಒಂದೇ ಸಾಲು. ಆಮೇಲೆ ಆಗುವುದು ಆಗಲಿ.

“ವಾಪಸ್ ಹೋಗೋಣೇನ್ರಿ?” ಹುಸೇನ ಕೇಳಿದ.

ಜೀಪಿನಲ್ಲಿ ಹೋದರೆ ಲಾಗ್ ಬುಕ್ಕಿನಲ್ಲಿ ಕಾರಣ ಕಾಣಿಸಬೇಕು. “ಬ್ಯಾಡ. ನೀ ಕಲಬುರಗಿಗಿ ನಡಿ. ನನಗ ಇಲ್ಲಿ ಜರಾ ಕೆಲಸ ಅದ.”

ಹುಸೇನ ಜೀಪು ಬಿಟ್ಟುಕೊಂಡು ಹೋದ.

ದೇವಾನಂದ ರಸ್ತೆ ದಾಟಿ ಎದುರಿನ ಬದಿಗೆ ನಿಂತ. ಆ ಪಂಚಾಯಿತಿಯ ಊರಿನ ಮೇಲೆ ಹೋಗುವ ಬಸ್ಸಿಗೆ ಇಲ್ಲಿ ನಿಲ್ದಾಣವಿಲ್ಲ. ಕೈ ಮಾಡಿದವರಿಗೆ ನಿಲ್ಲುತ್ತದೆ ಎಂದ ಬಾಳೆಹಣ್ಣಿನವನು. ಅಲ್ಲಿ ಏಳೆಂಟು ಮಂದಿ ನೆರಳಿಲ್ಲದೆ ನಿಂತಿದ್ದರು. ಡಾಂಬರಿನ ಮೇಲೆ ಗಾಳಿ ನೀರಿನಂತೆ ನಡುಗುತ್ತಿತ್ತು. ಹಣೆಯ ಮೇಲೆ ಬೆವರು ಮೂಡಿತು. ಈ ಸಲ ನಿಜವಾಗಿಯೂ ಮೂಡಿತು.

ದೂರದಲ್ಲಿ ಕೆಂಪು ಬಸ್ಸು ಕಾಣಿಸಿತು. ಅದು ಬೆಳೆಯುವುದನ್ನು ನೋಡುತ್ತ ನಿಂತ. ಹೋಗಬೇಕೇ? ಒಂದು ಸಾಲಿನಿಂದ ಏನಾದೀತು? ದುಂಡಮ್ಮ ಏನೆಂದಾಳು? ಮೇಲಿನವರು? ಬಸ್ಸು ಅವನನ್ನು ಅರ್ಧ ದಾಟಿ, ಧೂಳೆಬ್ಬಿಸಿ, ಕಿರುಗುಟ್ಟುತ್ತ ನಿಂತಿತು.

ಕಂಡಕ್ಟರ್ ಬಾಗಿಲು ತೆರೆದು ಬಗ್ಗಿದ. “ಯಾರ್ರೀ ಕೈ ಮಾಡಿದವ್ರು? ಜಲ್ದಿ ಹತ್ರಿ!”

ಯಾರೂ ಮುಂದೆ ಬರಲಿಲ್ಲ. ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ದೇವಾನಂದನ ಕಡೆ ತಿರುಗಿದರು. ಬಸ್ಸಿನೊಳಗಿನವರೂ ಕಿಟಕಿಗಳಿಂದ ಕತ್ತು ಹೊರಹಾಕಿದರು.

ಅವನು ತಲೆ ಎತ್ತಿ ನೋಡಿದ. ತನ್ನದೇ ಬಲಗೈ ಮೇಲೆದ್ದಿತ್ತು. ಮಡಿಕೆ ಮುರಿಯದ ಕರವಸ್ತ್ರ ಅದರಲ್ಲಿ ಬಿಳಿಯಾಗಿ ಹೊಳೆಯುತ್ತಿತ್ತು.

“ಹತ್ತಂಗಿದ್ರ ಹತ್ರಿ, ಇಲ್ಲಂದ್ರ ಕೈ ಇಳಸ್ರಿ,” ಎಂದ ಕಂಡಕ್ಟರ್.

ಇಂಜಿನ್ನು ಗುಡುಗುತ್ತಲೇ ಇತ್ತು. ಬಿಸಿಲಿನಲ್ಲಿ ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು. ಅವರ ಜೊತೆ ಅವನೂ ನೋಡುತ್ತ ನಿಂತ, ಅದು ಏನು ಮಾಡುತ್ತದೆಂದು.