ಅರ್ಧ ಇಂಚು

ಹಾಲ್‌ನಿಂದ ಮಲಗುವ ಕೋಣೆಗೆ ಹೋಗುವ ಬಾಗಿಲಲ್ಲಿ ವ್ಯಾಕ್ಯೂಮ್ ಕ್ಲೀನರ್ ಎಂದಿನಂತೆ ನಿಂತುಬಿಟ್ಟಿತು. ಮುಂದಿನ ಚಕ್ರ ಕಾರ್ಪೆಟ್ಟಿನ ಅಂಚಿನಿಂದ ಇಳಿದು, ಮರದ ಹಲಗೆ ಶುರುವಾಗುವ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಅವಳು ಪೈಪು ಹಿಡಿದು ಕಾದಳು. ಏನನ್ನು ಕಾಯುತ್ತಿದ್ದೇನೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಒಳಗಿನಿಂದ "ಗಡಿ ಬಂತು, ಎತ್ತು" ಎನ್ನುವ ಗಂಡನ ದನಿ ಬರಬೇಕಿತ್ತು. ಬಗ್ಗಿ, ಮಷೀನನ್ನು ಎತ್ತಿ ಆಚೆಗಿಟ್ಟಳು.

ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಅಂತ್ಯಕ್ರಿಯೆಯ ಗಲಾಟೆ ಮುಗಿದ ಮೇಲಿನ ಮೊದಲ ಮಾಮೂಲಿ ಬೆಳಗು ಇದು. ಕಸದ ಗಾಡಿ ಬಂದುಹೋಗಿತ್ತು. ಎದುರುಮನೆಯಾತ ಸ್ಕೂಟರನ್ನು ಒದ್ದು ಒದ್ದು ಎಬ್ಬಿಸಿದ್ದ. ನಲ್ಲಿಯಲ್ಲಿ ನೀರು ಬಂದಿತ್ತು. ಬಂದುಹೋದವರ ಗುರುತು ನೆಲದ ಮೇಲೆ ಮಾತ್ರ ಉಳಿದಿತ್ತು, ಅದೂ ಒಂದೊಂದು ಕೋಣೆಯಲ್ಲಿ ಒಂದೊಂದು ರೀತಿ. ಹಾಲ್‌ನ ಬೂದು ಕಾರ್ಪೆಟ್ಟಿನಲ್ಲಿ ಒಣಗಿದ ಹೂವಿನ ಎಸಳು ಹೂತುಕೊಂಡಿತ್ತು. ಅಡುಗೆಮನೆಯ ಬಿಳಿ ಟೈಲಿನ ಮೇಲೆ ಕಾಲಿನ ಅಚ್ಚು. ನಡುವಣ ಓಣಿಯ ವಿನೈಲ್ ಹಾಳೆಗೆ ಚೆಲ್ಲಿದ ಚಹಾದ ಅಂಟು. ಮಲಗುವ ಕೋಣೆಯ ಮರದ ಮೇಲೆ, ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗ, ತೆಳುವಾದ ಧೂಳು.

ಅವಳ ಗಂಡ ಕಂಡವರ ಮನೆಗಳಿಗೆ ನೆಲ ಹಾಸುವವನು. ಕೆಲಸ ಮುಗಿದಾಗ ಮಿಕ್ಕ ತುಂಡು ಹಾಸಿದವನಿಗೆ ಎನ್ನುವುದು ಆ ಕಸುಬಿನಲ್ಲಿ ನಡೆದುಬಂದ ರೂಢಿ. ಹಾಗಾಗಿ ಯಾವುದೋ ಆಫೀಸಿನ ಕಾರ್ಪೆಟ್ಟು, ಯಾವುದೋ ಡೆಂಟಿಸ್ಟನ ಟೈಲು, ನೃತ್ಯಶಾಲೆಯೊಂದರ ಹಲಗೆ ಎಲ್ಲವೂ ಈ ಎರಡು ಕೋಣೆಯ ಬಾಡಿಗೆ ಮನೆಗೆ ಬಂದು ಸೇರಿದ್ದವು. ಕೆಲಸದವರು ಅವನನ್ನು 'ರಸಮಟ್ಟ' ಎಂದು ಕರೆಯುತ್ತಿದ್ದರು. ಜೇಬಿನಲ್ಲಿ ಸದಾ ನೆಲದ ಮಟ್ಟ ನೋಡುವ ಆ ಪುಟ್ಟ ಸಾಧನ ಇಟ್ಟುಕೊಂಡು, ಅದರ ಗಾಳಿಗುಳ್ಳೆ ನಟ್ಟನಡುವೆ ನಿಲ್ಲುವ ತನಕ ಯಾರನ್ನೂ ಏಳಗೊಡದವನು. ಅಂಥವನು ತನ್ನ ಮನೆಯಲ್ಲಿ ಹಲಗೆ ಹಾಸುವಾಗ, ಆಮೇಲೆ ಬರುವ ಕಾರ್ಪೆಟ್ಟಿಗೆ ರಬ್ಬರಿನ ಅಡಿಪದರ ಇರುತ್ತದೆಂಬುದನ್ನು ಮರೆತಿದ್ದ. ಬಾಗಿಲಲ್ಲಿ ಅರ್ಧ ಇಂಚು ಏರುಪೇರಾಯಿತು. ಎಲ್ಲಾದರೂ ಒಂದು ಹಿತ್ತಾಳೆ ಪಟ್ಟಿ ಮಿಕ್ಕಿದರೆ ತಂದು ಮುಚ್ಚುತ್ತೇನೆ, ಅಲ್ಲಿಯ ತನಕ ಸೈಟಿನಲ್ಲಿ ಯಾರ ಕಿವಿಗೂ ಬೀಳಬಾರದು ಎಂದು ಅವಳಿಂದ ಮಾತು ತೆಗೆದುಕೊಂಡಿದ್ದ.

ಅವನು ಸತ್ತದ್ದೂ ಸೈಟಿನಲ್ಲೇ. ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತವನು ಮತ್ತೆ ಏಳಲಿಲ್ಲ. ಜೊತೆಯವರು ಮನೆಗೆ ಬಂದಾಗ ಒಬ್ಬೊಬ್ಬರಾಗಿ ಆ ಬಾಗಿಲಲ್ಲಿ ಎಡವಿ, ಒಬ್ಬೊಬ್ಬರಾಗಿ ಕೆಳಗೆ ನೋಡಿದ್ದರು. ಮೇಸ್ತ್ರಿ ಮಾತ್ರ ಕುಕ್ಕರುಗಾಲಲ್ಲಿ ಕೂತು ಆ ಅಂಚಿನ ಮೇಲೆ ಹೆಬ್ಬೆರಳು ಎಳೆದು, ಎದ್ದು ಹೋಗಿದ್ದ.

ಮಷೀನಿನ ಸದ್ದಿಗೆ ಅವಳ ಅಕ್ಕ ಎದ್ದುಬಂದಳು. ಸಾವಿನ ಸುದ್ದಿ ಕೇಳಿದ ದಿನ ಬಂದವಳು ತಂಗಿಯನ್ನು ಒಂಟಿಯಾಗಿ ಬಿಟ್ಟಿರಲಿಲ್ಲ. ಭಾನುವಾರ ಭಾವ ಕಾರು ತರುವುದು, ತಂಗಿಯನ್ನು ತಮ್ಮ ಮನೆಗೆ ಕರೆದೊಯ್ಯುವುದು, ಈ ಮನೆ ಖಾಲಿ ಮಾಡುವುದು ಎಂದು ಅಕ್ಕ ಎಲ್ಲವನ್ನೂ ಗೊತ್ತುಮಾಡಿದ್ದಳು. ಮಾಲೀಕರಿಗೆ ಅಂದೇ ಒಂದು ಮಾತು ತಿಳಿಸಬೇಕಿತ್ತು.

"ಬಿಟ್ಟು ಹೋಗೋ ಮನೇನ ಯಾರಾದ್ರೂ ಇಷ್ಟು ಗುಡಿಸ್ತಾರೇನೇ?" ಎಂದಳು ಅಕ್ಕ, ಕಣ್ಣುಜ್ಜಿಕೊಳ್ಳುತ್ತ.

ಮಷೀನು ತಮ್ಮದಲ್ಲ, ಕೆಳಗಿನ ಮನೆಯ ಟೈಲರಮ್ಮನದು, ವಾಪಸು ಕೊಡಬೇಕು, ಕೊಡುವ ಮೊದಲು ಕೊನೆಯದಾಗಿ ಒಮ್ಮೆ, ಎಂದು ಅವಳು ಹೇಳಿದಳು. ಇವರ ಹಳೆಯ ಮಷೀನು ಸುಟ್ಟುಹೋದಾಗ ಅವನು ಎರಡು ದಿನಕ್ಕೆಂದು ಅದನ್ನು ಕೇಳಿ ತಂದಿದ್ದ. ಆಗಿನ್ನೂ ಬೇಸಗೆ ಶುರುವಾಗಿರಲಿಲ್ಲ. ಈಗ ಜನ ಪೆಟ್ಟಿಗೆಯಿಂದ ಸ್ವೆಟರು ತೆಗೆದು ತೊಡುತ್ತಿದ್ದರು.

ಅಷ್ಟರಲ್ಲಿ ಟೈಲರಮ್ಮನೇ ಚಹಾದ ಫ್ಲಾಸ್ಕು ಹಿಡಿದು ಬಂದರು. ಕೊರಳಲ್ಲಿ ಅಳತೆಯ ಟೇಪು, ಎದೆಯ ಮೇಲೆ ಸಾಲಾಗಿ ಚುಚ್ಚಿದ ಗುಂಡುಪಿನ್ನು, ಮೈಮೇಲೆಲ್ಲ ಬಣ್ಣಬಣ್ಣದ ದಾರದ ತುಣುಕು. ಕುರ್ಚಿಯ ತುದಿಯಲ್ಲಿ ಕೂತರು. ಊಟ ಮಾಡಿದೆಯಾ, ನಿದ್ದೆ ಬಂತಾ ಎಂದು ಕೇಳಿದರು. ಕಣ್ಣು ಎಷ್ಟು ತಡೆದರೂ ಮಷೀನಿನ ಕಡೆ ಹೋಗಿಬಂತು.

"ಎರಡು ದಿನಕ್ಕೆ ಅಂದಿದ್ರು..." ಎಂದವರು ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ನನ್ನ ಬಾಯಿಗಿಷ್ಟು. ಇರ್ಲಿ ಇಟ್ಕೊಳಮ್ಮ. ನಂಗೇನು, ಪೊರಕೆ ಇದೆ."

ಹೋಗುವಾಗ ಅವರ ಮಂಡಿಗೆ ಅಂಟಿದ್ದ ಕೆಂಪು ದಾರವೊಂದು ಕಾರ್ಪೆಟ್ಟಿನ ಮೇಲೆ ಬಿತ್ತು. ಬಗ್ಗಿ ಹೆಕ್ಕಿಕೊಂಡು ಹೋದರು. ಕಂಡವರ ವಸ್ತು ಮನೆಯಲ್ಲಿದ್ದರೆ ಗಂಟಲಲ್ಲಿ ಮುಳ್ಳಿದ್ದ ಹಾಗೆ, ಇವತ್ತೇ ಕೊಟ್ಟುಬಿಡು ಎಂದಳು ಅಕ್ಕ. ಆಮೇಲೆ, ಸಾಮಾನು ತುಂಬಲು ರಟ್ಟಿನ ಡಬ್ಬಗಳು ಬೇಕು, ನಡಿ, ಪೇಟೆಯ ದೊಡ್ಡ ಅಂಗಡಿಯಲ್ಲಿ ಸುಮ್ಮನೆ ಕೊಡುತ್ತಾರೆ ಎಂದು ಅವಳನ್ನು ಹೊರಡಿಸಿದಳು.

ಅದು ಫ್ರಿಜ್ಜು, ಫ್ಯಾನು, ಮಿಕ್ಸರುಗಳ ಅಂಗಡಿ. ಹಿಂಬಾಗಿಲ ಹತ್ತಿರ ಖಾಲಿ ಡಬ್ಬಗಳನ್ನು ಚಪ್ಪಟೆ ಮಾಡಿ ಪೇರಿಸಿದ್ದರು. ಅಕ್ಕ ಗಟ್ಟಿಮುಟ್ಟಾದವನ್ನು ಆರಿಸತೊಡಗಿದಳು. ಅವಳು ಕಾಯುತ್ತ ನಿಂತಲ್ಲಿ ವ್ಯಾಕ್ಯೂಮ್ ಕ್ಲೀನರುಗಳ ಸಾಲಿತ್ತು. ಅವುಗಳ ಮುಂದೆ ಒಂದು ಸಣ್ಣ ಕಟ್ಟೆ. ಮೇಲೆ ಒಂದು ಚೌಕ ಟೈಲು, ಒಂದು ಚೌಕ ಮರ, ಒಂದು ಚೌಕ ಕಾರ್ಪೆಟ್ಟು. ಮೂರೂ ಒಂದೇ ಮಟ್ಟದಲ್ಲಿದ್ದವು. ಅವಳು ಅಂಚಿನ ಮೇಲೆ ಬೆರಳೆಳೆದು ನೋಡಿದಳು. ಎಲ್ಲಿಯೂ ತಡೆಯಲಿಲ್ಲ.

ಟೈ ಕಟ್ಟಿದ ಸೇಲ್ಸಿನವನು ಬಂದ. ಮೊದಲು ವೈರಿಲ್ಲದ ತೆಳ್ಳನೆಯದೊಂದನ್ನು ಕೈಗಿತ್ತ. ಲೇಟೆಸ್ಟು, ಪೊರಕೆಗಿಂತ ಹಗುರ ಎಂದ. ಬ್ಯಾಟರಿ ಹೋದರೆ ಬೇರೆ ಸಿಗುತ್ತದೆಯೇ ಎಂದು ಅವಳು ಕೇಳಿದಳು. ಸಿಗುತ್ತದೆ, ಆದರೆ ಅಷ್ಟು ಹೊತ್ತಿಗೆ ಕಂಪನಿ ಈ ಮಾಡೆಲನ್ನೇ ನಿಲ್ಲಿಸಿರುತ್ತದೆ ಎಂದು ಅವನು ದನಿ ತಗ್ಗಿಸಿದ. ಅವಳಿಗೆ ತಾನು ಯಾಕೆ ಕೇಳುತ್ತಿದ್ದೇನೆಂದು ಗೊತ್ತಿರಲಿಲ್ಲ. ತಾನು ಕೆಲಸ ಮಾಡುವ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿಗೆ ಉಪಕರಣ ತರಿಸುವಾಗ ಕೇಳುವ ಪ್ರಶ್ನೆಗಳು ಅವು. ತಮ್ಮಷ್ಟಕ್ಕೆ ಬಾಯಿಗೆ ಬರುತ್ತಿದ್ದವು.

"ಮನೇಲಿ ಯಾವ ನೆಲ ಮೇಡಂ? ಟೈಲ್ಸಾ?"

ಅವಳು ಹೇಳಿದಳು. ಮುಂಬಾಗಿಲಿನಿಂದ ಶುರುಮಾಡಿ, ಕೋಣೆಯಿಂದ ಕೋಣೆಗೆ ನಡೆಯುತ್ತಿರುವವಳಂತೆ. ಕಾರ್ಪೆಟ್ಟು ಚೌಕಚೌಕದ್ದು, ಕಿಟಕಿಯ ಕೆಳಗಿನ ಒಂದು ಮಾತ್ರ ನೀಲಿ, ಯಾಕೆಂದರೆ ಬೂದು ಒಂದು ಕಡಿಮೆಬಿತ್ತು. ಓಣಿಯಲ್ಲಿ ವಿನೈಲು. ಟೈಲಿನ ಸಂದಿ ಆಳ, ಅಲ್ಲಿ ಅನ್ನದ ಅಗುಳು ಕೂರುತ್ತದೆ. ಮರದ ಹಲಗೆ ಗಿಡ್ಡದು, ಮೆದು, ಗಟ್ಟಿ ಬ್ರಷ್ಷು ತಾಗಿದರೆ ಗೀರು ಬೀಳುತ್ತದೆ. ಇಷ್ಟು ಮಾತನ್ನು ಅವಳು ಒಟ್ಟಿಗೆ ಆಡಿ ಬಹಳ ದಿನವಾಗಿತ್ತು. ಅಕ್ಕ ಡಬ್ಬಗಳನ್ನು ಬಗಲಲ್ಲಿಟ್ಟುಕೊಂಡು ಬಂದು ಹಿಂದೆ ನಿಂತಿದ್ದಳು.

"ಇಷ್ಟೂ ಒಂದೇ ಮನೇಲಾ? ಮಾಡಿದ ಪುಣ್ಯಾತ್ಮ ಯಾರು ಮೇಡಂ?"

"ನಮ್ಮ ಮನೆಯವರು."

ಸೇಲ್ಸಿನವನು ಪೆಚ್ಚಾದ. ಸಾವರಿಸಿಕೊಂಡು, ಹಾಗಾದರೆ ಅವರನ್ನೂ ಕರೆದುಕೊಂಡು ಬರಬೇಕಿತ್ತು, ನೆಲ ಗೊತ್ತಿರೋರು ಬಂದರೆ ನಮಗೂ ಸುಲಭ ಎಂದ. ಅಕ್ಕನ ಬಗಲಿನಿಂದ ಒಂದು ರಟ್ಟು ಜಾರಿತು.

"ಹೌದು, ಬರಬೇಕಿತ್ತು" ಎಂದಳು ಅವಳು.

ಹಾಗಿದ್ದರೆ ನೋಡಿ ಎಂದು ಅವನು ಮೂರು ಮಷೀನುಗಳನ್ನು ಇಳಿಸಿದ. ಮೂರಕ್ಕೂ ಬ್ರಷ್ಷನ್ನು ಒಳಕ್ಕೆಳೆಯುವ ಗುಂಡಿ ಇತ್ತು. ಕಾರ್ಪೆಟ್ಟಿಗೆ ಹೊರಗೆ, ಮರಕ್ಕೆ ಒಳಗೆ. ಕಟ್ಟೆಯ ಮೇಲೆ ಮೂರೂ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಓಡಿದವು. ಅವಳು ನೋಡಿ, ನಮ್ಮ ಮನೆ ಇಷ್ಟು ಸಮ ಇಲ್ಲ ಎಂದಳು. ಅಕ್ಕನ ಕೈಯಿಂದ ಜಾರಿದ ರಟ್ಟನ್ನು ಎತ್ತಿ, ಮಡಿಸಿ, ಮತ್ತೊಮ್ಮೆ ಮಡಿಸಿ, ಹೆಬ್ಬೆರಳಿನಿಂದ ದಪ್ಪ ನೋಡಿ, ಮರಕ್ಕೂ ಕಾರ್ಪೆಟ್ಟಿಗೂ ನಡುವೆ ಅಡ್ಡಲಾಗಿ ಇಟ್ಟಳು.

"ಇದನ್ನ ಹತ್ತಬೇಕು."

ಮೊದಲನೆಯದು ಮೂತಿ ತಾಗಿಸಿ ನಿಂತುಬಿಟ್ಟಿತು. ಎರಡನೆಯದು ಹತ್ತಿ, ಆಚೆ ಬದಿಗೆ ಮಗುಚಿ, ಚಕ್ರ ಮೇಲೆ ಮಾಡಿ ಗುಂಯ್‌ಗುಟ್ಟಿತು. ಸೇಲ್ಸಿನವನಿಗೂ ಈಗ ಹಟ ಬಂದಿತ್ತು. ಮೂರನೆಯದು ಉರುಟಾದ, ಒಡ್ಡೊಡ್ಡಾದ ಮಷೀನು, ಒಳಗೆ ಬಟ್ಟೆಯ ಚೀಲ, ದಪ್ಪ ರಬ್ಬರಿನ ಹಿಂಚಕ್ರ. ರಟ್ಟಿನ ಹತ್ತಿರ ಒಮ್ಮೆ ತಡೆದು, ಮುದುಕಿ ಮೆಟ್ಟಿಲು ಹತ್ತಿದ ಹಾಗೆ ಒಂದು ಬದಿ ಮೊದಲು, ಇನ್ನೊಂದು ಬದಿ ಆಮೇಲೆ, ಏರಿ ಇಳಿಯಿತು. ಇದರ ಪೈಪು, ಫಿಲ್ಟರು, ಚಕ್ರ ಎಲ್ಲ ಬಿಡಿಯಾಗಿ ಸಿಗುತ್ತವೆ, ಹಳೇ ಮಾಡೆಲು, ಯಾರೂ ಕೇಳುವುದಿಲ್ಲ, ಆದರೆ ಸಾಯುವುದೂ ಇಲ್ಲ ಎಂದ ಅವನು. ಆಮೇಲೆ, ಚೀಲದ ಅಳತೆ ಹೇಳಬೇಕಾದ್ದರಿಂದ, ಕೇಳಿದ: "ಮನೇಲಿ ಎಷ್ಟು ಜನ ಮೇಡಂ?"

ಅಕ್ಕ ಮುಂದೆ ಬಂದಳು. "ಯಾರೂ ಇರಲ್ಲಪ್ಪ. ಖಾಲಿ ಮಾಡ್ತಿದ್ದೀವಿ. ಸುಮ್ನೆ ನೋಡ್ತಿದ್ಳು ಅಷ್ಟೆ."

ಅವಳು ರಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದಳು. ಮುಂದಿನ ವಾರ ಹೇಗಿರುತ್ತದೆಂದು ಯೋಚಿಸಲು ನೋಡಿದಳು, ಏನೂ ಕಾಣಲಿಲ್ಲ. ಕಂಡದ್ದು ಅಕ್ಕನ ಮನೆಯ ನೆಲ, ಈ ತುದಿಯಿಂದ ಆ ತುದಿಗೆ ಒಂದೇ ಹೊಳಪಿನ ಬಿಳಿ.

"ಒಬ್ಬರು" ಎಂದಳು. "ನಾನೊಬ್ಬಳೇ. ಸಣ್ಣ ಚೀಲ ಸಾಕು."

"ನಮ್ಮನೇಲಿ ಮಷೀನು ಇದೆಯಲ್ಲೇ" ಎಂದಳು ಅಕ್ಕ ಮೆಲ್ಲಗೆ.

"ಗೊತ್ತು ಅಕ್ಕ."

ವಾಪಸು ಬರುವಾಗ ಅಕ್ಕ ಆಟೋದಲ್ಲಿ ಮುಖ ಆಚೆ ತಿರುಗಿಸಿ ಕೂತಿದ್ದಳು. ಕೊಂಡ ಹೊಸ ಮಷೀನಿನ ಪೆಟ್ಟಿಗೆ ಇಬ್ಬರ ನಡುವೆ ಇತ್ತು. ಚಪ್ಪಟೆ ಡಬ್ಬಗಳನ್ನು ಅಕ್ಕ ಬಿಟ್ಟುಬಂದಿರಲಿಲ್ಲ, ತೊಡೆಯ ಮೇಲಿಟ್ಟುಕೊಂಡಿದ್ದಳು. ಎರಡು ತಿರುವು ಕಳೆದ ಮೇಲೆ, ಭಾವನಿಗೆ ಏನು ಹೇಳಲಿ ಎಂದು ಕೇಳಿದಳು. ಭಾನುವಾರ ಬರಲಿ, ಊಟ ಮಾಡಿಕೊಂಡು ಹೋಗಲಿ ಎಂದು ಅವಳು ಹೇಳಿದಳು.

"ಅಷ್ಟು ದೊಡ್ಡ ಮನೇಲಿ ಒಬ್ಳೇ ಏನೇ ಮಾಡ್ತೀಯ?"

"ಎರಡೇ ಕೋಣೆ ಅಕ್ಕ."

"ಕೋಣೆ ಎರಡೇ. ನೆಲ ನಾಲ್ಕಿದೆಯಲ್ಲ ತಾಯಿ" ಎಂದ ಅಕ್ಕನಿಗೆ ನಗು ಬಂತು. ನಗುತ್ತಲೇ ಮೂಗು ಒರೆಸಿಕೊಂಡಳು. ಆಮೇಲೆ ತಂಗಿಯ ಫೋನು ಈಸಿಕೊಂಡು ತಾನೇ ಮಾಲೀಕರಿಗೆ ಕರೆಮಾಡಿ, ಇಲ್ಲ, ಖಾಲಿ ಮಾಡುತ್ತಿಲ್ಲ, ಅವಳು ಇರುತ್ತಾಳೆ ಎಂದು, ಯಾರೋ ಜಗಳಕ್ಕೆ ಬಂದವರಿಗೆ ಹೇಳುವ ದನಿಯಲ್ಲಿ ಹೇಳಿದಳು.

ಸಂಜೆ ಅವಳು ಟೈಲರಮ್ಮನ ಮಷೀನನ್ನು ಅಡುಗೆಮನೆಯ ಟೈಲಿನ ಮೇಲಿಟ್ಟು ಬಿಚ್ಚಿದಳು. ಚೀಲ ತುಂಬಿ ಬಿಗಿದಿತ್ತು. ಹಳೇ ಪೇಪರಿನ ಮೇಲೆ ಸುರಿದಾಗ ಮರದ ಪುಡಿ, ಕಾರ್ಪೆಟ್ಟಿನ ಬೂದು ಎಳೆ, ಅವಳ ಉದ್ದ ಕೂದಲು, ಒಂದು ಶರ್ಟಿನ ಗುಂಡಿ, ಎಲ್ಲಕ್ಕಿಂತ ಕೊನೆಗೆ, ಚೀಲದ ತಳದಿಂದ, ಟೈಲರಮ್ಮನ ಬಣ್ಣದ ದಾರ ಬಿದ್ದವು. ಪೇಪರು ಮಡಿಸಿ ಕಸದ ಬುಟ್ಟಿಗೆ ಹಾಕಿದಳು. ಗುಂಡಿಯನ್ನು ತೆಗೆಯಲಿಲ್ಲ. ಅದು ಅವನ ಯಾವ ಶರ್ಟಿನದೆಂದು ಗೊತ್ತಿತ್ತು, ಆ ಶರ್ಟು ಈಗ ಇರಲಿಲ್ಲ.

ಮಷೀನಿನ ಮೂತಿಯನ್ನು ಒರೆಸಲು ತಿರುಗಿಸಿದಾಗ ಅಡಿಯಲ್ಲಿ ದಪ್ಪ ಉಣ್ಣೆಯ ಪಟ್ಟಿಯೊಂದು ಕಂಡಿತು. ಮರಕ್ಕೆ ಗೀರು ಬೀಳದಿರಲೆಂದು ಅವನು ಅಂಟಿಸಿದ್ದು. ಕತ್ತರಿಸಿದ ಅಂಚು ದಾರ ಹಿಡಿದ ಹಾಗೆ ನೇರ. ತಂದಿದ್ದು ಹೇಗಿತ್ತೋ ಹಾಗೆ ಕೊಡಬೇಕು. ಚಾಕುವಿನ ತುದಿಯಿಂದ ಒಂದು ಮೂಲೆ ಎಬ್ಬಿಸಲು ನೋಡಿದಳು. ಅಂಟು ಬಿಡಲಿಲ್ಲ. ಮತ್ತೆ ನೋಡಿದಾಗ ತುದಿಯಷ್ಟೇ ಎದ್ದಿತು. ಆಮೇಲೆ ಚಾಕು ಕೆಳಗಿಟ್ಟು, ಎದ್ದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು, ಅದು ಕೂರುವ ತನಕ.

ಟೈಲರಮ್ಮನದು ಕೆಳಗೆ ಎರಡು ಕೋಣೆ, ಮುಂದಿನದು ಅಂಗಡಿ, ಹಿಂದಿನದು ಮನೆ. ನೆಲವೆಲ್ಲ ಸಿಮೆಂಟು. ಹೊಲಿಗೆ ಯಂತ್ರದ ಸುತ್ತ ದಾರವೂ ಬಟ್ಟೆಯ ಚೂರೂ ಪಾದ ಮುಚ್ಚುವಷ್ಟು ಬಿದ್ದಿದ್ದವು. ಮಷೀನು ಕಂಡದ್ದೇ, ಅವಸರವೇನಿತ್ತಮ್ಮ ಎನ್ನುತ್ತಲೇ ಅವರು ಪ್ಲಗ್ಗಿನ ಜಾಗ ಖಾಲಿ ಮಾಡಿದರು.

"ತಡ ಆಯ್ತು" ಎಂದಳು ಅವಳು. "ಅವರು ಏನೋ ಅಂಟಿಸಿದ್ದಾರೆ ಕೆಳಗೆ. ತೆಗೆಯೋಕೆ ಬರಲಿಲ್ಲ."

ಟೈಲರಮ್ಮ ಮೂತಿಯನ್ನು ಎತ್ತಿ, ಕನ್ನಡಕ ಸರಿಮಾಡಿಕೊಂಡು, ಆ ಪಟ್ಟಿಯನ್ನು ನೋಡಿದರು. ಕತ್ತರಿಯ ಕೈಯವರಾದ್ದರಿಂದ ಅಂಚಿನುದ್ದಕ್ಕೂ ಉಗುರು ಎಳೆದರು. "ಕೈ ನೆಟ್ಟಗಿತ್ತು ಮಹಾರಾಯರದು. ಬಾಯಿ ಮಾತ್ರ ಎರಡು ದಿನ ಅಂತಿತ್ತು." ಹೇಳಿಬಿಟ್ಟು ಅವಳ ಮುಖ ನೋಡಿದರು. ಅವಳು ತಲೆಯಾಡಿಸಿದಳು.

"ನಾನೇ ಒಂದ್ಸಲ ಕಸ ಹೊಡೆದು ಕೊಡ್ತೀನಿ, ನೀವು ಕೂತ್ಕೊಳಿ."

ಟೈಲರಮ್ಮ ಬೇಡವೆನ್ನಲಿಲ್ಲ. ಯಂತ್ರದ ಹಿಂದೆ ಕೂತು ಎರಡೂ ಕಾಲನ್ನು ಪೆಡಲಿನ ಮೇಲಿಟ್ಟುಕೊಂಡರು. ಅವಳು ಬೀದಿಬಾಗಿಲಿನಿಂದ ಶುರುಮಾಡಿದಳು. ಕೆಂಪು, ಹಸಿರು, ಕಪ್ಪು ದಾರ ಒಂದೊಂದಾಗಿ ಎದ್ದು ಒಳಗೆ ಹೋದವು, ಹಿಂದೆ ಬೂದು ಸಿಮೆಂಟು ಪಟ್ಟೆಪಟ್ಟೆಯಾಗಿ ತೆರೆದುಕೊಂಡಿತು. ಪೆಡಲಿನ ಕೆಳಗೆ, ಇಸ್ತ್ರಿ ಮೇಜಿನ ಸುತ್ತ, ಗೋಡೆಯುದ್ದಕ್ಕೂ ಹೋಗಿ, ನಡುಬಾಗಿಲಿಗೆ ಬಂದಳು. ಅಲ್ಲಿ ಅವಳ ನಡು ಬಗ್ಗಿತು. ಕೈ ಹಿಡಿಕೆಗೆ ಹೋಗಿ ಮಷೀನನ್ನು ಎತ್ತಿತು.

"ಅಲ್ಲೇನಿಲ್ಲಮ್ಮ, ಸಮ ಇದೆ" ಎಂದರು ಟೈಲರಮ್ಮ, ಸದ್ದನ್ನು ಮೀರುವ ದನಿಯಲ್ಲಿ.

ಅವಳು ಕೆಳಗೆ ನೋಡಿದಳು. ಮಷೀನು ಕೈಯಲ್ಲಿ ಅರ್ಧ ಇಂಚು ಮೇಲಿತ್ತು, ಚಕ್ರಗಳು ಗಾಳಿಯಲ್ಲಿ ಮೆಲ್ಲಗೆ ತಿರುಗುತ್ತಿದ್ದವು. ಅವು ನಿಲ್ಲುವ ತನಕ ಹಿಡಿದಿದ್ದು, ನೆಲಕ್ಕೆ ಇಳಿಸಿದಳು.