ಹೊಲಿಗಿ ಬರತದ

“ದಿಂಬಿನ್ಯಾಗ ರೊಟ್ಟಿ ಇಟ್ಟ ಹೊಲಿದಾಳ ನೋಡ್ರಿ, ಕತ್ತಿಮರಿ. ಕುರಿ ಹಿಕ್ಕಿ ಬಳಿಯೋ ಕೈಗಿ ಮಶೀನ ಕೊಟ್ರ ಮತ್ತೇನಾಗತದ?”

ಉದಯಕುಮಾರ ಪುಟ್ಟ ದಿಂಬನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿದ. ಸೊಲ್ಲಾಪುರದ ಆ ಕೌಶಲ್ಯ ಕೇಂದ್ರಕ್ಕೆ ಅವನೇ ಮೇಲ್ವಿಚಾರಕ. ಪರೀಕ್ಷೆ ಮಾಡಲು ಪುಣೆಯಿಂದ ಬಂದಿದ್ದ ಸಾಹೇಬ ಹೊಲಿಗೆ ಬಿಚ್ಚಿದಾಗ, ಹತ್ತಿಯ ನಡುವಿನಿಂದ ಒಣ ರೊಟ್ಟಿಯ ಚೂರು ಮೇಜಿನ ಮೇಲೆ ಬಿದ್ದಿತ್ತು. ಹುಡುಗಿಯರು ನಕ್ಕರು. ನನ್ನ ಮಗಳು ಪ್ರಾಜಕ್ತಾ ತಲೆ ತಗ್ಗಿಸಿ ನಿಂತಿದ್ದಳು. ಪಾಲಕರ ಸಾಲಿನಲ್ಲಿದ್ದ ನನಗೆ ನಗು ಬರಲಿಲ್ಲ. ಆ ರೊಟ್ಟಿ ನಾನೇ ಬೆಳಿಗ್ಗೆ ಅವಳ ಬುತ್ತಿಗೆ ಕಟ್ಟಿದ್ದು.

ನಮ್ಮಲ್ಲಿ ಕೌದಿ ಹೊಲಿಯುವಾಗ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ಚೂರು ರೊಟ್ಟಿ ಇಡುತ್ತಾರೆ. ಹೊಟ್ಟಿ ಖಾಲಿ ಇಟ್ಟು ಬಾಯಿ ಹೊಲಿಬಾರದು ಎಂದು ನನ್ನ ಅತ್ತೆ ಹೇಳುತ್ತಿದ್ದಳು. ಹಾಗೆ ಹೇಳುತ್ತಲೇ ಮೊಮ್ಮಗಳ ಕೈಗೆ ಸೂಜಿ ಕೊಟ್ಟಿದ್ದಳು. ದಿಂಬು ತುಂಬಿ ಬಾಯಿ ಹೊಲಿ ಎಂದು ಸಾಹೇಬ ಹೇಳಿದಾಗ ಪ್ರಾಜಕ್ತಾಳ ಕೈಗೆ ನೆನಪಾದದ್ದು ಆ ಹೊಲಿಗೆ ಒಂದೇ. ಮಶೀನನ್ನು ಅವಳು ಅಲ್ಲಿಯವರೆಗೆ ಮುಟ್ಟಿಯೇ ಇರಲಿಲ್ಲ. ಅಲ್ಲಿದ್ದ ಹತ್ತೂ ಮಶೀನುಗಳು ಆ ದಿನ ಬೆಳಿಗ್ಗೆ ಟೆಂಪೊದಲ್ಲಿ ಬಂದಿದ್ದವು. ಟೆಂಪೊ ಇನ್ನೂ ಬಾಗಿಲಲ್ಲೇ ನಿಂತಿತ್ತು.

ಹತ್ತನೆಯದು ಪಾಸಾದಾಗ ಅವಳಿಗೆ ಮುಂದೆ ಓದುವ ಆಸೆ ಇತ್ತು. ಸೊಲ್ಲಾಪುರದಿಂದ ಕುಂಭಾರಿ ದಾಟಿದರೆ ಸಿಗುವ ನಮ್ಮೂರಿನ ಕನ್ನಡ ಶಾಲೆಗೆ ತಾನೇ ಮಾಸ್ತರಬಾಯಿ ಆಗುತ್ತೇನೆ ಎನ್ನುತ್ತಿದ್ದಳು. ಆಗ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದು ಬೀರೋಬನ ಗುಡಿಯ ಕಟ್ಟೆಯ ಮೇಲೆ ಕುಳಿತ. ಡಿಗ್ರಿ ಮಾಡಿದವರು ಖಾಲಿ ತಿರುಗುತ್ತಿದ್ದಾರೆ, ಓದಿಗಿಂತ ಕೈಕಸುಬು ಮೊದಲು ಎಂಬುದೇ ಸರಕಾರದ ಹೊಸ ಧೋರಣ ಎಂದ.

“ಕೈಯಾಗ ಹುನ್ನರ ಇದ್ರ ಸಾಕವ್ವ. ಕೆಲಸ ಬರಾಕತ್ತಿತಂದ್ರ, ಕೆಲಸ ತಾನ ಮನಿಗಿ ಬರತದ.”

“ನಿಮ್ಮ ಮಗಳು ಏನ್ ಹೊಲಿತಾಳ್ರಿ ಸಾಹೇಬ್ರ?” ಎಂದು ನೆರೆಮನೆಯ ಸೋಮವ್ವ ಕೇಳಿದಳು. ತನ್ನ ಮಗಳು ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ ಎಂದು ಅವನು ಹೆಮ್ಮೆಯಿಂದಲೇ ಹೇಳಿದ. ಸೋಮವ್ವನಿಗೆ ಸಿಕ್ಕ ಉತ್ತರ ನನಗೂ ಕೇಳಿಸಿತ್ತು. ಆದರೂ ಮರುದಿನ ಕೇಂದ್ರಕ್ಕೆ ಹೋಗಿ ಮಗಳನ್ನು ಸೇರಿಸುವ ಕಾಗದಕ್ಕೆ ಸಹಿ ಹಾಕಿದವಳು ನಾನೇ.

ನಾನು ಓದಿದ್ದು ನಾಲ್ಕನೆಯ ಇಯತ್ತೆ, ಕನ್ನಡದಲ್ಲಿ. ಸಕ್ಕುಬಾಯಿ ಎಂದು ನಿಧಾನವಾಗಿ ಬರೆದೆ. ಉದಯಕುಮಾರ ನಕ್ಕ. ಇದೇನು, ಇರುವೆ ಹರಿದಾಡಿದಂತಿದೆ ಎಂದ. ಮನೆಯಲ್ಲಿ ಅವನು ಆಡುವುದೂ ಕನ್ನಡವೇ, ಆದರೆ ಕಲಿತದ್ದು ಮರಾಠಿ ಶಾಲೆಯಲ್ಲಿ. ನಮ್ಮ ಅಕ್ಷರ ಅವನಿಗೆ ಬಾರದು.

ಮೂರು ತಿಂಗಳು ಕೇಂದ್ರಕ್ಕೆ ಟವೆಲ್ ಗಂಟುಗಳು ಬಂದವು. ಅಂಚಿನಲ್ಲಿ ಉಳಿದ ದಾರ ಕತ್ತರಿಸಿ, ಮಡಚಿ, ಮತ್ತೆ ಗಂಟು ಕಟ್ಟುವುದು. ಕೂಲಿ ಇಲ್ಲ. ಅದಕ್ಕೆ ಪ್ರ್ಯಾಕ್ಟಿಕಲ್ ಎಂಬ ಹೆಸರು. ರಾತ್ರಿ ರೊಟ್ಟಿ ಬಡಿದ ಮೇಲೆ ನಾನು ಮಗಳ ಹೆಬ್ಬೆರಳಿನ ಬೊಬ್ಬೆಗೆ ಎಣ್ಣೆ ಹಚ್ಚುತ್ತಿದ್ದೆ. ಹೊಲಿಗೆ ಯಾವಾಗ ಎಂದು ಕೇಳಿದರೆ, ನಾಳೆಯಿಂದ ಕಲಿಸುತ್ತಾರಂತೆ ಎನ್ನುತ್ತಿದ್ದಳು. ಆಮೇಲೆ ನಾನು ಕೇಳುವುದನ್ನು ಬಿಟ್ಟೆ.

ಪುಣೆಯ ಸಾಹೇಬ ರೊಟ್ಟಿಯ ಚೂರನ್ನು ಪೆನ್ನಿನ ತುದಿಯಿಂದ ಬದಿಗೆ ಸರಿಸಿ, ಟ್ಯಾಬಿನಲ್ಲಿ ಏನೋ ಒತ್ತಿದ. ಅರವತ್ತೂ ಹುಡುಗಿಯರು ಪಾಸು. ಪ್ರಾಜಕ್ತಾ ಕೂಡ. ನಾಪಾಸಾದರೆ ಕೇಂದ್ರಕ್ಕೆ ಮುಂದಿನ ತಂಡ ಸಿಗುವುದಿಲ್ಲ ಎಂದು ಸೋಮವ್ವ ನನ್ನ ಕಿವಿಯಲ್ಲಿ ಹೇಳಿದಳು. ಅವಳ ಮಗಳೂ ಅದೇ ತಂಡದಲ್ಲಿದ್ದಳು.

ಪಾಲಕರಿಗೆ ಮರಾಠಿ ಕಾಗದ ಹಂಚಿದರು. ನನ್ನದನ್ನು ಪ್ರಾಜಕ್ತಾ ಓದಿ ಹೇಳಿದಳು. ಮಗಳಿಗೆ ಹೊಲಿಗೆ ಬರುತ್ತದೆ, ಕೆಲಸ ಸಿಕ್ಕಿದೆ, ನಮ್ಮದೇನೂ ತಕರಾರಿಲ್ಲ. ಕೆಲಸ ಎಲ್ಲಿ ಎಂದೆ. ಆ ಟವೆಲ್ ಗಂಟುಗಳನ್ನು ಕಳಿಸುತ್ತಿದ್ದ ಕಾರಖಾನೆಯಲ್ಲೇ. ವರ್ಷದವರೆಗೆ ಅಲ್ಲಿಯೂ ಕಲಿಯುವವರೇ, ಅರ್ಧ ಕೂಲಿ.

“ಹೊಲಿಗಿ ಬರತದೇನ ಯವ್ವಾ ನಿನಗ?”

ಅವಳು ಕಾಗದವನ್ನು ನನ್ನ ಕೈಗಿಟ್ಟಳು.

“ದಾರ ಕತ್ತರಸಾಕ ಬರತದ,” ಎಂದಳು.

“ಏ ಮುದುಕಿ, ಲಗೂನ ಸಹಿ ಒಗಿ,” ಎಂದ ಉದಯಕುಮಾರ. “ಫೋಟೊ ತಗಿಯಾಂವ ಹೊರಗ ಕಾಯಾಕತ್ತಾನ, ಅಂವ ನಿಮ್ಮಪ್ಪನ ಆಳಲ್ಲ. ಪುಗ್ಸಟ್ಟೆ ಕಲಿಸೇವಿ, ಮ್ಯಾಲ ಮಾರಿ ಉಬ್ಬಸ್ತೀರಿ.”

“ಇವನ ಬಾಯಾಗ ಮಣ್ಣ ಹಾಕ,” ಎಂದು ಸೋಮವ್ವ ಗೊಣಗಿ ತನ್ನ ಹೆಬ್ಬೆಟ್ಟು ಒತ್ತಿದಳು.

ನಾನು ಪೆನ್ನು ತೆಗೆದುಕೊಂಡೆ. ಹೆಸರಿನ ಜಾಗದಲ್ಲಿ, ದುಂಡಗೆ, ‘ಬರೂದಿಲ್ಲ’ ಎಂದು ಬರೆದೆ. ನನ್ನ ಹೆಸರೂ ನಾಲ್ಕೇ ಅಕ್ಷರ, ಇದೂ ನಾಲ್ಕೇ.

ಉದಯಕುಮಾರ ಕಾಗದ ಕಸಿದುಕೊಂಡು ನೋಡಿದ.

“ಹೂಂ, ಅವ ಇರವಿ ಹರದಾಡ್ಯಾವ.”

ಅಕ್ಷರಗಳ ಮೇಲೆಯೇ ಕೇಂದ್ರದ ರಬ್ಬರ್ ಶಿಕ್ಕಾ ಹೊಡೆದ. ಸಾಹೇಬ ಕಾಗದವನ್ನು ಉಳಿದವುಗಳ ಜೊತೆ ಫೈಲಿಗೆ ಸೇರಿಸಿ ದಾರ ಬಿಗಿದ. ನಾವು ಹೊರಗೆ ಬಂದಾಗ ಮಶೀನುಗಳು ಟೆಂಪೊ ಏರುತ್ತಿದ್ದವು.

ಬಸ್ಸಿನಲ್ಲಿ ಪ್ರಾಜಕ್ತಾ ಕಿಟಕಿಯ ಕಡೆ ಕುಳಿತಳು. ಮುಷ್ಟಿ ಬಿಗಿಯಾಗಿತ್ತು. ಬಿಡಿಸಿ ನೋಡಿದರೆ ಮೇಜಿನ ಮೇಲಿದ್ದ ರೊಟ್ಟಿಯ ಚೂರು, ಬೊಬ್ಬೆ ಒಡೆದ ಕಡೆಗೆ ಅಂಟಿಕೊಂಡಿತ್ತು.

“ಅವ್ವ, ನೀ ಬರದದ್ದ ಪುಣೇದಾಗ ಯಾರರೆ ಓದತಾರೇನು?”

ಕುಂಭಾರಿ ದಾಟಿತು. ಅವಳು ನನ್ನ ಹೆಗಲಿಗೆ ತಲೆ ಇಟ್ಟಳು.

“ನಾಳಿ ಎಂಟಕ್ಕ ಕಾರಖಾನಿ ಗಾಡಿ ಬರತದಂತ,” ಎಂದಳು.